ಬರಿಗಾಲಿ

ಶನಿವಾರ ಮಧ್ಯಾಹ್ನ ಎರಡಕ್ಕೆ ಕೌಲ್ ಬಜಾರಿನ ಯುನಿಟ್ಟಿನಲ್ಲಿ
ಹದಿನೆಂಟು ಮಷೀನು ಒಮ್ಮೆಲೇ ನಿಲ್ಲುತ್ತವೆ.
ನನ್ನ ಕಾಲು ಮಾತ್ರ ಇನ್ನೂ ಪೆಡಲ್ ತುಳಿಯುತ್ತಿರುತ್ತದೆ.
"ಹೋದ, ಹೋದ, ಇವ ಆಗಲೇ ಕುಡಿತಿನಿ ದಾಟಿದ"
ಎಂದು ನಗುತ್ತಾಳೆ ಗುಂಡಿ ಹಾಕುವ ಹುಸೇನಮ್ಮ.

ನಿಜ. ದಾಟಿರುತ್ತೇನೆ.

ತೋರಣಗಲ್ಲಿನ ಆಚೆ, ಅದನ್ನು ಈಗಲೂ ಯಾರ್ಡು ಅಂತಲೇ ಕರೆಯುತ್ತಾರೆ.
ಒಂದು ಕಾಲಕ್ಕೆ ಅಲ್ಲಿ ಗುಡ್ಡದೆತ್ತರ ಅದಿರು ರಾಶಿ;
ರಾಶಿ ಹಡಗು ಹತ್ತಿತು, ನೆಲ ಕೆಂಪಗೆ ಉಳಿಯಿತು.
ಅದರ ಮೇಲೆ ಎರ್ರಿಸ್ವಾಮಿ ಡೋಜರಿನಲ್ಲಿ ಒಂದು ಸೊನ್ನೆ ಬರೆದ,
ದುಂಡನೆಯದಲ್ಲ, ಇಬ್ಬರು ಎರಡು ಕಡೆ ಹಿಡಿದು ಎಳೆದ ಸೊನ್ನೆ.
ಅಂಚಿಗೆ ಅರ್ಧ ಹೂತ ಲಾರಿ ಟೈರು,
ತಿರುವಿಗೆ ಸಿರುಗುಪ್ಪದ ಭತ್ತದ ಹುಲ್ಲಿನ ಪೆಂಡಿ.
ಟ್ಯಾಂಕರು ಒಂದು ಸುತ್ತು ನೀರು ಹೊಡೆದು ಹೋದ ಮೇಲೆ
ಏಳುವ ವಾಸನೆ ಮಳೆಯದ್ದಲ್ಲ.
ನಾಲಿಗೆ ಕಚ್ಚಿಕೊಂಡಾಗ ಬಾಯಿಗೆ ಬರುತ್ತದಲ್ಲ, ಅದು.

ಶನಿವಾರ ಬೈಕುಗಳದ್ದು.
ತಿರುವಿನಲ್ಲಿ ಅವು ಓಡುವುದಿಲ್ಲ, ಜಾರುತ್ತವೆ:
ಎಡಗಾಲು ನೆಲಕ್ಕೆ ಕೊಟ್ಟು, ಹ್ಯಾಂಡಲ್ ಬಲಕ್ಕೆ ತಿರುವಿ
ಎಡಕ್ಕೆ ಹೋಗುವ ವಿದ್ಯೆ.
ಇದನ್ನು ಅಪ್ಪನಿಗೆ ಮಾಡಿ ತೋರಿಸಲು ಹೋಗಿ
ಒಮ್ಮೆ ಸಾರಿನ ಪಾತ್ರೆ ಮಗುಚಿದ್ದೇನೆ.
"ಹೊಂಟಲ್ಲಿಗೇ ಬಂದು ನಿಲ್ಲಾಕ ಇಷ್ಟು ಅವಸರ ಯಾಕಪಾ?"
ಅಪ್ಪನ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ.
ಒಗ್ಗರಣೆ ಮಿರ್ಚಿ ತಿನ್ನುವಾಗ ಹಲ್ಲು ಕರಕರ ಅಂದರೆ
ಮುಂದಿನ ಹೀಟ್ ಶುರುವಾಯಿತೆಂದು ಗೊತ್ತು, ಅಷ್ಟೇ.

ರಾತ್ರಿ ಗಾದಿಲಿಂಗನ ಶೆಡ್ಡಿನಲ್ಲಿ ಟಾರ್ಚು ಹಿಡಿಯುವುದು ನನ್ನ ಕೆಲಸ.
ಅವನದ್ದು ಭಾನುವಾರದ ಗಾಡಿ, ಇಪ್ಪತ್ತಮೂರು ನಂಬರು:
ಗುಜರಿ ಮಾರುತಿಯ ಎಂಜಿನ್ನು, ಬೋರ್‌ವೆಲ್ ಪೈಪಿನ ಎಲುಬು,
ಬಾನೆಟ್ಟಿಲ್ಲ, ಬಾಗಿಲಿಲ್ಲ, ಮಡ್‌ಗಾರ್ಡಿಲ್ಲ,
ನಾಲ್ಕೂ ಬರಿಗಾಲಿ.
ಸೀಟಿನ ಕವರು ನನ್ನದು. ರಿಜೆಕ್ಟ್ ಆದ ಜೀನ್ಸಿನದು.
ತೊಡೆಯ ಹತ್ತಿರ ಒಂದು ಜೇಬನ್ನು ಹಾಗೇ ಬಿಟ್ಟಿದ್ದೇನೆ;
ಅದರಲ್ಲಿ ಅವನು ಒಂದು ಸ್ಪಾರ್ಕ್ ಪ್ಲಗ್ಗು, ಎರಡು ಲವಂಗ ಇಡುತ್ತಾನೆ.
ಆರು ವರ್ಷ. ಒಮ್ಮೆಯೂ ಗೆದ್ದಿಲ್ಲ.
ನಾಲ್ಕನೆಯವನಾಗಿ ಬಂದ ದಿನ ಊರಿಗೆಲ್ಲ ಚಹಾ ಕುಡಿಸಿದ್ದ.

ಭಾನುವಾರ, ಹದಿನೈದು ಸುತ್ತು.
ಹನ್ನೊಂದರವರೆಗೆ ಮೂರನೆಯವನು.
ಹನ್ನೆರಡರಲ್ಲಿ ಒಬ್ಬ ಹುಲ್ಲಿನ ಪೆಂಡಿಗೆ ನುಗ್ಗಿದ,
ಹದಿಮೂರರಲ್ಲಿ ಇನ್ನೊಬ್ಬನ ಕಾರ್ಬ್ಯುರೇಟರು ಕೆಮ್ಮಿತು.
ಮುಂದೆ ಇಪ್ಪತ್ತಮೂರು. ಮುಂದೆ ಯಾರೂ ಇಲ್ಲ.
ನನ್ನ ಬಲಗಾಲು ಹಲಗೆಯನ್ನು ಒತ್ತಿ ಒತ್ತಿ
ಕೆಳಗೆ ಕೂತವನ ಬೈಗುಳ ತಿನ್ನುತ್ತಿತ್ತು.

ಕೊನೆಯ ತಿರುವು.
ಎಡಗಡೆ ಮುಂದಿನ ಗಾಲಿ
ಗಾಡಿಯನ್ನು ಬಿಟ್ಟು
ತಾನೊಂದೇ
ಹೊರಟಿತು.

ಗಾಡಿ ಮೂಗೂರಿ ನಿಂತಿತು. ಗಾಲಿ ನಿಲ್ಲಲಿಲ್ಲ.
ಕುಣಿಯುತ್ತ, ನೆಟ್ಟಗೆ, ಯಾರ ಹಂಗೂ ಇಲ್ಲದೆ
ಸುಣ್ಣದ ಗೆರೆ ದಾಟಿತು, ಎಲ್ಲರಿಗಿಂತ ಮೊದಲು.
"ಲೇ, ಇಪ್ಪತ್ತಮೂರು ಬಂತಲೇ!"
ಬಾವುಟದವನ ಕೈ ಅಭ್ಯಾಸಬಲದಿಂದ ಎದ್ದೇಬಿಟ್ಟಿತು.
ಆಮೇಲೆ ತೀರ್ಪುಗಾರರು ಪೆಂಡಾಲಿನೊಳಗೆ
ಬಹಳ ಹೊತ್ತು ಗಂಭೀರವಾಗಿ ನಕ್ಕರು.

ಗಾದಿಲಿಂಗ ಲವಂಗ ಕಡಿಯುತ್ತ ಕೂತಿದ್ದ,
ಮುಖದಲ್ಲಿ ಕನ್ನಡಕದ ಜಾಗ ಮಾತ್ರ ಬೆಳ್ಳಗೆ.
ಏನು ಹೇಳಲಿ. "ನಟ್ಟು ನಾನು ನೋಡಬೇಕಿತ್ತು" ಅಂದೆ.
"ಟಾರ್ಚು ಅಲ್ಲಾಡಸ್ತಿದ್ದಿ" ಅಂದ.

ರಿಮ್ಮು ಸೊಟ್ಟ ತೆಗೆಸಲು ಬಳ್ಳಾರಿಗೇ ಬರಬೇಕು.
ರಾತ್ರಿ ಬಸ್ಸಿನಲ್ಲಿ ಕಂಡಕ್ಟರು ಗಾಲಿಯನ್ನೂ ನನ್ನನ್ನೂ ನೋಡಿ
"ಇದಕ್ಕೂ ಟಿಕೆಟ್ ಆಗ್ತದ" ಅಂದ.
ಅರ್ಧ ತೆಗೆದುಕೊಂಡೆ.
ಕಿಟಕಿ ಸೀಟು ಅದಕ್ಕೇ ಬಿಟ್ಟುಕೊಟ್ಟೆ.